ಗೋಡೆಯಾಚೆಯ ಮಗ್ಗ

ಬಾಗಿಲು ಬಡಿಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು.

ಒಳಗೆ ಮಗ್ಗ ಓಡುತ್ತಿತ್ತು. ಖಟ್... ಖಟ್... ಖಟಾಖಟ್...

ಲಾಲಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಎರಡು ವರ್ಷದಿಂದ ಈ ಸದ್ದು ಕೇಳುತ್ತಲೇ ಬಂದವಳು ಆಕೆ. ಆದರೆ ಕೇಳಿದ್ದು ಗೋಡೆಯ ಆ ಕಡೆಯಿಂದ, ತನ್ನ ಅಡುಗೆಮನೆಯಲ್ಲಿ ಕೂತು. ಅಪ್ಪ ಮರಿಲಿಂಗಪ್ಪ ಬದುಕಿದ್ದಾಗ, ಮನೆಗೆ ಅಂಟಿಕೊಂಡಿದ್ದ ಈ ಖೋಲಿಯನ್ನು ನೇಕಾರ ಈಶಪ್ಪನಿಗೆ ಬಾಡಿಗೆಗೆ ಕೊಟ್ಟಿದ್ದ. ನೆಲ ಅಗೆದು ಮಗ್ಗದ ಕುಣಿ ತೋಡಿಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟಿದ್ದ. ಬರುವ ದೀಪಾವಳಿಗೆ ಅಪ್ಪ ಹೋಗಿ ವರ್ಷವಾಗುತ್ತದೆ. ಈ ಬಾಗಿಲ ಮುಂದೆ ಆಕೆ ಬಂದು ನಿಂತದ್ದು ಇದೇ ಮೊದಲು.

ಅದೂ ಬಾಡಿಗೆ ಕೇಳಲು!

'ಬಡಿ... ಕಿರಾಯಿ ಕೊಡ್ರಿ ಅನ್ನು. ಎರಡೇ ಮಾತು. ಅಂದು ತಿರುಗಿ ಬಂದುಬಿಡು...'

ಕಣ್ಣು ಮುಚ್ಚಿ ಬಡಿದೇಬಿಟ್ಟಳು.

ಮಗ್ಗ ನಿಂತಿತು. ಬಾಗಿಲು ತೆರೆಯಿತು. ಆಕೆಯ ನೋಟ ನೆಲ ಬಿಟ್ಟು ಮೇಲೇಳಲಿಲ್ಲ. ಕಂಡದ್ದು ಎರಡು ಪಾದಗಳು ಮಾತ್ರ. ಮಗ್ಗ ಮೆಟ್ಟಿ ಮೆಟ್ಟಿ ಹೆಬ್ಬೆರಳು ಅಗಲವಾದ, ಕುಣಿಯ ಮಣ್ಣು ಮೆತ್ತಿದ ಪಾದಗಳು.

"ಯಾರ್ರಿ... ಅಯ್ಯ! ನೀವಾ?"

ಆ ದನಿಯಲ್ಲಿದ್ದ ಗಾಬರಿಗೆ ಆಕೆಯೂ ಗಾಬರಿಯಾದಳು.

"ಅವ್ವ ಕಳ್ಸ್ಯಾಳ್ರಿ..."

"ಹೇಳ್ರಿ."

"ಕಿರಾಯಿ..."

"ಗೊತ್ತದ್ರಿ. ಉಗಾದಿಯಿಂದ ಕೊಟ್ಟಿಲ್ಲ. ಇನ್ನೊಂದೀಟು ದಿನ ತಾಳ್ರಿ."

ಇಲ್ಲಿಗೆ ತಿರುಗಿ ಬರಬೇಕಿತ್ತು. ಆದರೆ ಒಳಗೆಲ್ಲೋ ಕೂತಿದ್ದ ಸಿಟ್ಟು ಬಾಯಿಗೆ ಬಂತು.

"ಮಗ್ಗ ದಿನಾ ಓಡ್ತದಲ್ರಿ! ಮುಂಜಾನಿಂದ ಸಂಜೀತನಕ ಓಡ್ತದ. ನಾ ಕೇಳ್ತೀನಿ. ಮತ್ತ ನೇದದ್ದೆಲ್ಲಾ ಎಲ್ಲಿಗೆ ಹೋಗ್ತದ?"

ಪಾದಗಳು ಥಟ್ಟನೆ ಒಂದು ಹೆಜ್ಜೆ ಅಡ್ಡ ಬಂದವು. ಆಕೆಗೆ ಮಗ್ಗ ಕಾಣದ ಹಾಗೆ ಅವನು ಬಾಗಿಲ ತುಂಬ ನಿಂತುಬಿಟ್ಟ. ಬಚ್ಚಿಡಬೇಕಾದ್ದು ಏನಿದೆ ಅಲ್ಲಿ?

ಆಮೇಲೆ ತೀರಾ ಮೆಲ್ಲಗೆ ಕೇಳಿದ. "ದಿನಾ... ಕೇಳ್ತೀರೇನ್ರಿ?"

ಲಾಲಮ್ಮನ ಮುಖ ಸುಟ್ಟಂತಾಯಿತು. ಚ್ಯಾಷ್ಟಿ! ಕೊಡಬೇಕಾದ್ದು ಕೊಡದೆ, ಮೇಲೆ ಚ್ಯಾಷ್ಟಿ ಬೇರೆ! ಕಣ್ಣಲ್ಲಿ ನೀರು ತುಂಬಿತು. ಓಡಿ ಬಂದು ಬಾಗಿಲು ಹಾಕಿಕೊಂಡಳು.

ಗೋಡೆಯ ಆಚೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಮತ್ತೆ... ಖಟ್... ಖಟ್...

"ನಾಚಿಕಿಗೇಡಿ!" ಅಂದಳು ಗೋಡೆಗೆ.

ಕೇಳಿಸಿಕೊಳ್ಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವ ಇದ್ದಳು, ಆದರೆ ಭೀಮವ್ವನಿಗೆ ಕಿವಿ ಕೇಳುತ್ತಿರಲಿಲ್ಲ.

* * *

ಅವ್ವನ ಕಿವಿ ಹೋದ ವರ್ಷವೇ ಲಾಲಮ್ಮನ ಶಾಲೆಯೂ ಹೋಗಿತ್ತು. ನಿಜಾಮ ಸರಕಾರದ ಶಾಲೆಯಲ್ಲಿ ಉರ್ದು ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಓದುವುದು ಆಗಷ್ಟೇ ಕೈಗೆ ಹತ್ತುತ್ತಿದ್ದ ಹುಡುಗಿಯನ್ನು ಅಪ್ಪ ಮನೆಗೆ ಕರೆತಂದ. ಬಾಗಿಲಿಗೆ ಬಂದವರ ಮಾತು ತಾಯಿಗೆ ತಿಳಿಸಲು ಒಬ್ಬರು ಬೇಕಿತ್ತು. ಅಪ್ಪ ಸೀರೆಯ ಗಂಟು ಹೊತ್ತು ಕಕ್ಕೇರಾ, ತಿಂಥಣಿ ಎಂದು ಊರೂರು ತಿರುಗುವವನು.

ಅಂದಿನಿಂದ ಲಾಲಮ್ಮ ಮಾತಾಡಿದ್ದು ಕಡಿಮೆ, ನೋಡಿದ್ದು ಹೆಚ್ಚು. ತಾಯಿಯ ಮುಂದೆ ಕೂತು ದನಿ ಇಲ್ಲದೆ ತುಟಿ ಆಡಿಸುತ್ತಾಳೆ, ಕೈ ತಿರುಗಿಸುತ್ತಾಳೆ. ತಾಯಿ ಅದನ್ನು ನೋಡಿ ತಿಳಿದುಕೊಳ್ಳುತ್ತಾಳೆ. ಹೀಗೆ ದಿನಗಟ್ಟಲೆ ಆ ಮನೆಯಲ್ಲಿ ಒಂದು ಮಾತೂ ಕೇಳಿಸುವುದಿಲ್ಲ.

ಅಪ್ಪ ಇದ್ದಾಗ ಊರಿಂದ ಬಂದವನೇ ಹತ್ತು ಊರಿನ ಸುದ್ದಿ ಹೇಳುತ್ತಿದ್ದ, ಜೋರಾಗಿ ಸೀನುತ್ತಿದ್ದ, ಸುಮ್ಮಸುಮ್ಮನೆ ಬೆಕ್ಕನ್ನು ಬೈಯುತ್ತಿದ್ದ. ಅಪ್ಪ ಹೋದ ಮೇಲೆ ಉಳಿದದ್ದು ಗೋಡೆಯಾಚೆಯ ಮಗ್ಗ ಒಂದೇ. ಆ ಓಣಿಗೆ ಇದ್ದದ್ದೂ ಅದೊಂದೇ ಮಗ್ಗ.

ಅದು ಶುರುವಾದರೆ ಲಾಲಮ್ಮನಿಗೆ ಬೆಳಗಾಗುತ್ತಿತ್ತು. ಅದರ ಲಯಕ್ಕೆ ಕೂತು ಜೋಳ ಬೀಸುತ್ತಿದ್ದಳು. ಸಂಜೆ ಅದು ನಿಂತಾಗ ಎದೆಯಲ್ಲಿ ಏನೋ ಕಳಚಿ ಬಿದ್ದ ಹಾಗೆ... ಕತ್ತಲು ಕವಿದ ಮನೆಯಲ್ಲಿ ತಾನೊಬ್ಬಳೇ ಇದ್ದ ಹಾಗೆ...

ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಡವಾಗಿತ್ತು.

'ಈಗ ನೋಡು, ಅದೇ ಸದ್ದಿನವ ಮೋಸಗಾರ!'

* * *

ನಾಗರಪಂಚಮಿ ಮುಗಿದ ಮೇಲೆ ಶಹಾಪುರದಿಂದ ಕಾಕಾ ಬಸವಂತ್ರಾಯ ಬಂದ. ಅಲ್ಲಿಯ ಅಡತಿ ಅಂಗಡಿಯಲ್ಲಿ ಕಾಳು ತೂಗಿಸುವ ಕೆಲಸ ಅವನದು. ಬಂದವನೇ ನೀರು ಕುಡಿಯುವುದಕ್ಕೂ ಮೊದಲು ಈಶಪ್ಪನ ಕಿಟಕಿಯಲ್ಲಿ ಇಣುಕಿ ಬಂದು ಪಡಸಾಲೆಯಲ್ಲಿ ಕೂತ.

"ಅಲ್ಲ ಲಾಲಿ, ಅವ ನಿಮ್ಮನ್ನ ಹುಚ್ಚರ ಮಾಡ್ಯಾನ! ಉಗಾದಿಗೆ ಬಂದಾಗ ಮಗ್ಗದ ಮ್ಯಾಲ ಹಸರು ಹಾಸು ನೋಡಿದ್ದೆ. ಇವತ್ತೂ ಅದೇ ಹಸರು, ಅದೇ ಹಾಸು! ಒಂದು ಹಾಸು ನೇಯಾಕ ಇಷ್ಟು ತಿಂಗಳ ಬೇಕೇನು?"

ಪಕ್ಕದ ಮನೆಯ ಹುಸೇನಬೀ ಹೊಸ್ತಿಲಲ್ಲಿ ಕೂತು ಬಳೆಯ ಬುಟ್ಟಿ ಜೋಡಿಸುತ್ತಿದ್ದಳು. "ಇರ್ಲಿ ಬಿಡ್ರಿ ಭಾಯಿ. ಕೈ ಸಾವಕಾಶ ಇರಬೇಕು."

"ಕೈ ಸಾವಕಾಶಿಲ್ಲ ಬೀಬಿ, ತಲಿ ಚುರುಕದ! ನಮ್ಮಜ್ಜನೂ ಮಗ್ಗದಾಗ ಕೂತಾವನೇ, ನನಗ ಗೊತ್ತಿಲ್ಲೇನು?"

ನೇಕಾರರಲ್ಲಿ ಒಂದು ಕಟ್ಟಳೆ ಇತ್ತು. ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮಗ್ಗದ ಮೇಲೆ ಇರುವ ತನಕ ಮನೆಯ ಒಡೆಯ ನೇಕಾರನನ್ನು ಎಬ್ಬಿಸಿ ಹೊರಹಾಕಬಾರದು. ಹಾಸನ್ನು ನಡುವೆ ಕೊಯ್ಯುವುದಿದ್ದರೆ ನೇಕಾರನೇ ಕೊಯ್ಯಬೇಕು. ಕೊಯ್ದ ಕೈ ಮತ್ತೆಂದೂ ಮಗ್ಗ ಮುಟ್ಟಬಾರದು. ಆದ್ದರಿಂದ ಯಾವ ನೇಕಾರನೂ ಕೊಯ್ಯುತ್ತಿರಲಿಲ್ಲ.

"ಅದನ್ನ ಹಿಡಕೊಂಡು ಕೂತಾನ ಅವ. ಹಾಸು ಮುಗಿದ್ರ ಎಬ್ಬಸ್ತಾರ, ಅದಕ್ಕ ಮುಗಸವಲ್ಲ! ರಾಜಿ ಮಾಡ್ಕೊಂಡ್ರೂ ಇದೇ ಹಣೇಬಾರ. ಹಿಂದಿನ ಕಿರಾಯಿ ಬಿಟ್ಟೀವಿ, ಹಾಸು ಮುಗಿಸಿ ಹೋಗಪಾ ಅಂದ್ರ, ಮುಗಸೋರು ಯಾರು? ದಾವಾ ಹಾಕೋಣು. ಕೋರ್ಟಿನ ಅಮೀನ ಬಂದು ಸಾಮಾನು ಹೊರಗ ಇಟ್ರ ಹಾಸೂ ಇಲ್ಲ, ಪೂಸೂ ಇಲ್ಲ."

ಕಾಕಾ ದನಿ ತಗ್ಗಿಸಿದ. "ನಮ್ಮ ಸಾವಕಾರ್ರಿಗೆ ಜೋಳದ ಚೀಲ ಇಡಾಕ ಜಾಗ ಬೇಕಾಗ್ಯದ. ಆ ಕಿರಾಯಿ ಬಂದ್ರ ಮಾಗಿಯೊಳಗ ನಿನ್ನ ಲಗ್ನ ಮಾಡಬಹುದವ್ವ. ಯಾದಗಿರ್ಯಾಗ ಒಂದು ಮನಿ ನೋಡೀನಿ."

ಲಾಲಮ್ಮ ಇದನ್ನೆಲ್ಲ ತುಟಿಯಲ್ಲೇ ತಾಯಿಗೆ ತಿಳಿಸಿದಳು. ಲಗ್ನದ ಮಾತೊಂದನ್ನು ಬಿಟ್ಟು.

ಭೀಮವ್ವ ಮಗಳನ್ನೇ ನೋಡಿದಳು. ತನ್ನ ದನಿ ತನಗೇ ಕೇಳದ್ದರಿಂದ ಆಕೆ ಅಪರೂಪಕ್ಕೆ ಮಾತಾಡಿದರೂ ಓಣಿಗೆಲ್ಲ ಕೇಳುತ್ತಿತ್ತು.

"ಮನಿ ನಿನ್ನ ಹೆಸರಲೆ ಮಾಡಿ ಹೋಗ್ಯಾನ ನಿಮ್ಮಪ್ಪ. ನೀ ಹೆಂಗಂತಿ ಹಂಗ!"

ತನ್ನನ್ನು ಯಾರಾದರೂ 'ನೀ ಹೆಂಗಂತಿ' ಎಂದು ಕೇಳಿದ್ದು ಲಾಲಮ್ಮನಿಗೆ ನೆನಪೇ ಇರಲಿಲ್ಲ. ಕೇಳಿದ್ದು ಇಂಥ ಮಾತಿಗೆ!

ಗೋಡೆಯಾಚೆ ಮಗ್ಗ ಓಡುತ್ತಲೇ ಇತ್ತು. ಈಗ ಅದು ಒಂದಿಷ್ಟೂ ನಿಲ್ಲುತ್ತಿರಲಿಲ್ಲ. ಎಷ್ಟು ದುರಾಸೆ ಇವನಿಗೆ ಅನ್ನಿಸಿತು.

'ದಿನಾ ಕೇಳ್ತೀರೇನ್ರಿ...' ಆ ಮಾತು ಮತ್ತೆ ಚುಚ್ಚಿತು.

"ಆಯ್ತು ಕಾಕಾ," ಅಂದಳು.

* * *

ಎಲ್ಲೋ ದೂರದ ಲಡಾಯಿಯಿಂದಾಗಿ ಪೆಟ್ರೋಲಿನ ಮುಖ ನೋಡಿ ವರ್ಷಗಳಾಗಿದ್ದವು. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ಮೋಟಾರು ಬಸ್ಸು ಲಾಲಮ್ಮನನ್ನೂ ಕಾಕಾನನ್ನೂ ಹೊತ್ತು ಕೆಮ್ಮುತ್ತ ಶಹಾಪುರದ ಹಾದಿ ಹಿಡಿಯಿತು. ಏರು ಬಂದಲ್ಲೆಲ್ಲ ಎಲ್ಲರೂ ಇಳಿದು ನೂಕಬೇಕು. ಬಳೆ ತರಲೆಂದು ಜೊತೆಗೆ ಬಂದಿದ್ದ ಹುಸೇನಬೀ ಇಳಿದಾಗಲೆಲ್ಲ ನಿಜಾಮ ಸರಕಾರದಿಂದ ಹಿಡಿದು ಮೋಟಾರಿನವನ ತನಕ ಎಲ್ಲರಿಗೂ ಶಾಪ ಹಾಕಿದಳು.

"ರೊಕ್ಕಾ ಕೊಟ್ಟು ಕೂಡೋದು ನಾವು, ನೂಕೋದೂ ನಾವೇ! ಇದಕ್ಕಿಂತ ನನ್ನ ಹೇರು ಹೊರೋ ಕತ್ತೆನೇ ಪಾಡಿತ್ತು ಬೇಟಿ. ಒದೀತಿತ್ತು, ಖರೆ. ಆದ್ರ ನಡೀತಿತ್ತು!"

ಲಾಲಮ್ಮ ನಗಲಿಲ್ಲ.

ವಕೀಲರ ಮನೆಯ ಕಟ್ಟೆಯ ಮೇಲೆ ಕಾಗದ ಸಿದ್ಧವಾಗಿತ್ತು. ಆಕೆ ಬಗ್ಗಿ ನೋಡಿದಳು. ಮರೆತೇಹೋಗಿದ್ದ ಉರ್ದು ಅಕ್ಷರಗಳು ನಿಧಾನಕ್ಕೆ ಕೂಡಿಕೊಂಡವು. ತನ್ನ ಹೆಸರು... ಅಪ್ಪನ ಹೆಸರು... ಆಮೇಲೆ, ಈ... ಶ... ಈಶಪ್ಪ. ಅವನ ಹೆಸರಿನ ಮುಂದೆ ಒಂದು ಉದ್ದನೆಯ ಶಬ್ದ. ಬೇದಖಲ್. ಹೊರಹಾಕುವುದು.

ಒಂದೇ ಸಾಲಿನಲ್ಲಿ ಇಬ್ಬರ ಹೆಸರು. ಎಂಥ ಕಾಗದದಲ್ಲಿ!

"ಹೆಬ್ಬಟ್ಟು ಒತ್ತು ಮಗಳ," ಎಂದು ಕಾಕಾ ಮಸಿಯ ಡಬ್ಬಿ ಮುಂದಿಟ್ಟ. ಆಕೆ ಹೆಬ್ಬೆರಳನ್ನು ಮಸಿಗೆ ಅದ್ದಿದಳು.

ಎದುರಿನ ಕಚೇರಿಯ ಬೇಲಿಯ ಗುಂಟ ಒಂದಿಷ್ಟು ಗಂಡಸರು ಕುಕ್ಕುರುಗಾಲಲ್ಲಿ ಕೂತಿದ್ದರು. ಬಿಸಿಲಿಗೆ ತಲೆಯ ಮೇಲೆ ಟವೆಲು ಹಾಕಿಕೊಂಡಿದ್ದ ಮುದುಕನೊಬ್ಬ ನೀರು ಕೇಳುತ್ತ ವಕೀಲರ ಕಟ್ಟೆಗೆ ಬಂದ.

"ಯಾವೂರು ಅಜ್ಜಾ?" ಹುಸೇನಬೀ ಸುಮ್ಮನಿರುವವಳಲ್ಲ.

"ರಂಗಂಪ್ಯಾಟಿ. ಅಂಬ್ರಪ್ಪ ಅಂತಾರ. ನೂಲಿನ ಪರವಾನಗಿಗೆ ಬಂದೀವಿ. ಉಗಾದಿಯಿಂದ ಒಂದು ಎಳಿ ನೂಲು ಕೊಟ್ಟಿಲ್ಲ ತಾಯಿ. ಎಲ್ಲಾ ಲಡಾಯಿಗೆ ಹೋತಂತ. ಸುರಪುರ ಅನ್ನು, ರಂಗಂಪ್ಯಾಟಿ ಅನ್ನು, ಮಗ್ಗೆಲ್ಲಾ ನಿಂತಾವ. ಹರೇದವ್ರು ಸೊಲ್ಲಾಪುರ ಗಿರಣಿ ಕಂಡ್ಕೊಂಡ್ರು. ನಾವು ಎಲ್ಲಿಗೆ ಹೋಗ್ಬೇಕು?"

ವಕೀಲರ ಹುಬ್ಬು ಏರಿತು. "ಮಗ್ಗೆಲ್ಲಾ ನಿಂತಿದ್ರ ಈ ಈಶಪ್ಪಂದು ಹ್ಯಾಂಗ ಓಡ್ತದ? ಕಾಳಸಂತಿ ನೂಲು ಇದು! ದಾವಾ ಯಾಕ ಬೇಕು, ಪೊಲೀಸರಿಗೆ ಒಂದು ಅರ್ಜಿ ಕೊಟ್ರ ನಾಳೆನೇ ಒಳಗ ಹಾಕ್ತಾರ."

"ಹಾಂ! ಇದು ಪಾಡಾತು!" ಕಾಕಾ ತೊಡೆ ತಟ್ಟಿದ.

ಲಾಲಮ್ಮನಿಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಆಕೆಗೆ ಕೇಳುತ್ತಿದ್ದದ್ದು ಮಗ್ಗ.

ಮೊದಲು ಅದು ಸ್ವಲ್ಪ ಓಡುತ್ತಿತ್ತು, ನಿಲ್ಲುತ್ತಿತ್ತು. ಮತ್ತೆ ಓಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತದೆ ಎಂದು ಅಪ್ಪನನ್ನು ಒಮ್ಮೆ ಕೇಳಿದ್ದಳು. "ಲಾಳಿಯೊಳಗಿನ ನೂಲು ತೀರಿರ್ತದವ್ವ. ಹೊಸಾ ನೂಲಿನ ಕಂಡಿಕಿ ಹಾಕ್ಕೊಳ್ಳಾಕ ನಿಲ್ಲಬೇಕು" ಅಂದಿದ್ದ ಅಪ್ಪ.

ಈಗೀಗ ಅದು ನಿಲ್ಲುವುದೇ ಇಲ್ಲ... ಉಗಾದಿಯಿಂದ ನಿಂತೇ ಇಲ್ಲ... ನೂಲು ತೀರುತ್ತಲೇ ಇಲ್ಲ...

ಇದ್ದರಲ್ಲವೇ ತೀರುವುದು!

ಬರಿದು ಲಾಳಿ. ಅವನು ದಿನವಿಡೀ ಬರಿದು ಲಾಳಿ ಓಡಿಸುತ್ತಿದ್ದಾನೆ. ದುರಾಸೆ ಅಂದುಕೊಂಡದ್ದು ಇದಕ್ಕೆ! ಮತ್ತೆ ಅವತ್ತು ಬಾಗಿಲಿಗೆ ಅಡ್ಡ ನಿಂತದ್ದು...

'ಯಾಕೆ? ಯಾರಿಗಾಗಿ?'

ಮಸಿ ಹತ್ತಿದ ಹೆಬ್ಬೆರಳನ್ನು ಆಕೆ ಸೆರಗಿಗೆ ಒರೆಸಿಕೊಂಡಳು.

"ಏ ಲಾಲಿ! ಏನ್ ಮಾಡ್ದಿ?"

"ನಾ ಒತ್ತಂಗಿಲ್ಲ ಕಾಕಾ."

"ಏನಂದಿ?"

"ಇದಕ್ಕೂ ಒತ್ತಂಗಿಲ್ಲ. ಪೊಲೀಸ್ರ ಅರ್ಜಿಗೂ ಒತ್ತಂಗಿಲ್ಲ. ಮನಿಗೆ ಹೋಗೋಣು ನಡೀರಿ."

ಆಕೆ ಕಟ್ಟೆ ಇಳಿದೇಬಿಟ್ಟಳು.

ಹುಸೇನಬೀ ಬಳೆಯ ಗಂಟು ಕಂಕುಳಿಗೆ ಏರಿಸಿ, "ನಡೀರಿ ಭಾಯಿ, ಮೋಟಾರು ನೂಕಾಕ ಮಂದಿ ಬೇಕಾಗ್ತದ," ಅಂದಳು.

* * *

ಮೋಟಾರು ಸುರಪುರ ಮುಟ್ಟಿದಾಗ ಬಿಸಿಲು ಗುಡ್ಡದ ಬಂಡೆಗಳಿಂದ ಇನ್ನೂ ಇಳಿದಿರಲಿಲ್ಲ. ಲಾಲಮ್ಮ ಬಿರಬಿರನೆ ನಡೆದಳು. ಕಾಕಾ ಹಿಂದೆ ಉಳಿದ.

ಓಣಿಗೆ ಕಾಲಿಟ್ಟವಳು ಥಟ್ಟನೆ ನಿಂತಳು.

ಸದ್ದಿಲ್ಲ.

ಈ ಹೊತ್ತಿಗೆ ಮಗ್ಗ ನಿಲ್ಲುವುದಿಲ್ಲ. ಎಂದೂ ನಿಂತಿಲ್ಲ! ಬಾಗಿಲಲ್ಲೇ ಅವ್ವ ಸಿಕ್ಕಳು. ಅಂಗೈಯನ್ನು ಮಗ್ಗದ ಕಡೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕಿವಿ ಹೋದ ಮೇಲೆ ಆಕೆ ಮಗ್ಗವನ್ನು ಅಂಗೈಯಿಂದ ಕೇಳುತ್ತಿದ್ದಳು.

"ಗ್ವಾಡಿ ಸತ್ತಂಗಾಗ್ಯದ ನೋಡವ್ವ! ನೀ ಹೋದಾಗಿಂದ ಹಿಂಗೇ ಅದ!"

ಲಾಲಮ್ಮ ಓಡಿದಳು. ಈ ಸಲ ಬಾಗಿಲು ಬಡಿಯಲಿಲ್ಲ, ನೂಕಿದಳು.

ಈಶಪ್ಪ ಕುಣಿಯ ಅಂಚಿನಲ್ಲಿ ಕೂತಿದ್ದ. ಎಡಗೈ ಹಸಿರು ಹಾಸಿನ ಮೇಲಿತ್ತು. ಬಲಗೈಯಲ್ಲಿ ಚಾಕು.

"ಬ್ಯಾಡ!"

ಹೇಗೆ ಹೋದಳೋ ಗೊತ್ತಿಲ್ಲ. ಅವನ ಮಣಿಕಟ್ಟು ಆಕೆಯ ಎರಡೂ ಕೈಗಳಲ್ಲಿತ್ತು. ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು. ಒಳಗೆ ಸೇರಿದ ಕೆನ್ನೆ, ಬೆಳೆದ ಗಡ್ಡ, ನಿದ್ದೆ ಇಲ್ಲದ ಕಣ್ಣು. ಹೊಟ್ಟೆತುಂಬ ಉಣ್ಣದವನ ಮುಖ ಹೇಗಿರುತ್ತದೆ ಎಂದು ಯಾರೂ ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ.

"ಬಿಡ್ರಿ," ಅಂದ ಅವನು. "ದಾವಾದ ಮಾತು ನನಗೂ ಕೇಳಿಸ್ಯದ. ಅಮೀನ ಬಂದು, ಓಣಿ ಮಂದಿ ಎಲ್ಲಾ ನಿಮ್ಮ ಬಾಗಿಲಿಗೆ ಕೂಡೋದು ಬ್ಯಾಡ. ನಾನೇ ಕೊಯ್ದು ಹೋಗ್ತೀನಿ. ಸೊಲ್ಲಾಪುರದಾಗ ಗಿರಣಿ ಕೆಲಸ ಸಿಗ್ತದಂತ. ಅಲ್ಲಿಂದ ನಿಮ್ಮ ಕಿರಾಯಿ ಕಳಸ್ತೀನಿ."

"ಮತ್ತ ಮಗ್ಗ?"

"ಕೊಯ್ದ ಕೈಗೆ ಮಗ್ಗ ಎಲ್ಲೀದ್ರಿ?" ಅವನು ನಗಲು ನೋಡಿದ. ಆಗಲಿಲ್ಲ.

"ನಾ ಹೆಬ್ಬಟ್ಟು ಒತ್ತಿಲ್ಲ."

ಅವನ ಕೈ ಸಡಿಲಾಯಿತು. ಆಕೆ ಚಾಕು ಕಿತ್ತುಕೊಂಡು ಮೂಲೆಗೆ ಎಸೆದಳು. ಹಲಗೆಯ ಮೇಲಿದ್ದ ಲಾಳಿಯನ್ನು ಎತ್ತಿದಳು. ಅದರ ಹೊಟ್ಟೆಯಲ್ಲಿ ಬೋಳು ಕಡ್ಡಿ.

"ಉಗಾದಿಯಿಂದ ಇದರಾಗ ನೂಲಿಲ್ಲ. ಹೌದಲ್ರಿ?"

"ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲ. ನೀವು ನಡುನಡುವ ನಿಲ್ಲೋದು ಬಿಟ್ಟೀರಿ. ಕೇಳಿದ್ರ ಗೊತ್ತಾಗ್ತದ."

ಈಶಪ್ಪ ಆಕೆಯನ್ನು ನೋಡಿದ.

"ಯಾಕ ಹಿಂಗ ಮಾಡಿದ್ರಿ?" ಆಕೆಯ ದನಿ ಒಡೆಯಿತು. "ಎಲ್ಲಾ ನೇಕಾರ್ರೂ ಮಗ್ಗ ನಿಲ್ಲಿಸಿ ಹೋದ್ರು. ನೀವು ಖಾಲಿ ಮಗ್ಗ ಮೆಟ್ಟಿಕೋತ ಯಾಕ ಕೂತ್ರಿ?"

ಅವನು ತಲೆ ತಗ್ಗಿಸಿ ಮಗ್ಗದೊಂದಿಗೆ ಮಾತಾಡುವವನ ಹಾಗೆ ಮಾತಾಡಿದ.

"ನಿಮ್ಮಪ್ಪಾರು ಹೋದಾಗ ಮಗ್ಗ ನಿಲ್ಲಿಸಿದ್ದೆ. ಸೂತಕದ ಮನಿ ಬಾಜೂಕ ಸಪ್ಪಳ ಮಾಡಬಾರ್ದಂತ. ಆಗ ನಿಮ್ಮ ಮನ್ಯಾಗ ಹೊಗಿ ಏಳಲಿಲ್ಲ. ಬಳಿ ಸಪ್ಪಳ ಇಲ್ಲ, ಕೊಡದ ಸಪ್ಪಳ ಇಲ್ಲ. ಮನ್ಯಾಗ ಯಾರೂ ಇಲ್ಲೇನೋ ಅನ್ನಂಗ. ಸೂತಕ ಕಳೆದು ಮಗ್ಗ ಹಿಡಿದೆ ನೋಡ್ರಿ... ಅವತ್ತು ನೀವು ಬೀಸಾಕ ಕೂತ್ರಿ."

ಲಾಲಮ್ಮ ಲಾಳಿಯನ್ನು ಮೆಲ್ಲಗೆ ಹಲಗೆಯ ಮೇಲೆ ಇಟ್ಟಳು.

"ನಾ ಜೋರು ಮೆಟ್ಟಿದ್ರ ನಿಮ್ಮ ಕಲ್ಲು ಜೋರು. ನಾ ಸಾವಕಾಶ ಮಾಡಿದ್ರ ನೀವೂ ಸಾವಕಾಶ. ನಾ ಬೇಕಂತ ಮಾಡಿ ನೋಡಿದೆ. ಬರೋಬ್ಬರಿ ಬರ್ತಿದ್ರಿ."

ಗೊತ್ತಿತ್ತು! ಇವನಿಗೆ ಎಲ್ಲವೂ ಗೊತ್ತಿತ್ತು! ನಾಚಿಕೆಯಿಂದ ಗೋಡೆಯೊಳಗೆ ಸೇರಿಹೋಗಬೇಕು ಅನ್ನಿಸಿತು ಆಕೆಗೆ.

"ನೂಲು ತೀರಿದ ದಿನ ಕೈಕಟ್ಟಿ ಕೂತೆ. ಆಕಡಿ ಬೀಸೋ ಕಲ್ಲೂ ಸುಮ್ಮಾತು. ಸಂಜೀತನಕ ಹೊಗಿ ಬರಲಿಲ್ಲ. ನನಗ ತಡಕೊಳ್ಳಾಕ ಆಗ್ಲಿಲ್ರಿ... ಖಾಲಿ ಲಾಳಿ ಹಾಕಿ ಮೆಟ್ಟಿದೆ. ಖೊಟ್ಟಿ ಸಪ್ಪಳ. ಆದ್ರ ನೀವು ಎದ್ದ್ರಿ, ಒಲಿ ಹಚ್ಚಿದ್ರಿ. ಮರುದಿನ ಹ್ಯಾಂಗ ನಿಲ್ಲಸ್ಲಿ? ಅದರ ಮರುದಿನ ಹ್ಯಾಂಗ ನಿಲ್ಲಸ್ಲಿ?"

"ಹೊಟ್ಟಿಗೆ ಏನ್ ಮಾಡ್ತಿದ್ರಿ?"

"ಸಂಜೀಕ ಖಾನಾವಳ್ಯಾಗ ನೀರು ತುಂಬ್ತೀನಿ. ರೊಟ್ಟಿ ಕೊಡ್ತಾರ. ರೊಕ್ಕ ಕೊಡಂಗಿಲ್ಲ."

"ನೂಲಿಲ್ಲ ಅಂತ ಒಂದು ಮಾತು ಹೇಳಿದ್ರ..."

"ನೂಲಿಲ್ಲದ ನೇಕಾರ ಯಾವ ಬಾಯಿಲೆ ಹೇಳ್ಬೇಕ್ರಿ? ಹೇಳಿದ್ರ ಸಪ್ಪಳ ಖೊಟ್ಟಿ ಅಂತ ನಿಮಗ ಗೊತ್ತಾಗ್ತಿತ್ತು." ಅವನು ಹಾಸಿನ ಎಳೆ ಸವರಿದ. "ಅವತ್ತು ಬಾಗಿಲಿಗೆ ಬಂದು, ನಾ ದಿನಾ ಕೇಳ್ತೀನಿ ಅಂದ್ರಲ್ಲ... ಜೀವ ಹಗುರಾತು ನನಗ. ಖರೇನೇ ಕೇಳ್ತಾರೇನು ಅಂತ ಕೇಳಿದೆ. ನೀವು ಅಳಕೋತ ಹೋಗಿಬಿಟ್ರಿ."

"ನಾ ಚ್ಯಾಷ್ಟಿ ಅನ್ಕೊಂಡೆ..."

"ಚ್ಯಾಷ್ಟಿ? ನಿಮಗಾ?"

ಲಾಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಬ್ಬಳೇ ಇದ್ದೇನೆ ಅಂದುಕೊಂಡು ಕಳೆದ ಅಷ್ಟೂ ದಿನ, ಒಂದು ಮೊಳ ದಪ್ಪದ ಗೋಡೆಯ ಆಚೆ ಒಬ್ಬ ಮನುಷ್ಯ ಹಸಿದು ಕೂತು, ತನ್ನ ಒಲೆಯ ಹೊಗೆಗಾಗಿ ಕಾಯುತ್ತಿದ್ದ!

* * *

"ಏ ಲಾಲೀ!"

ಕಾಕಾ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಹಿಂದೆ ಹುಸೇನಬೀ. ಅವಳ ಹಿಂದೆ, ಏನಾಯಿತೆಂದು ತಿಳಿಯದೆ ಭೀಮವ್ವ.

"ಇದೇನು ಹಚ್ಚೀದಿ? ವಕೀಲರ ಮುಂದ ನನ್ನ ಮಾರಿ ಕೆಡಿಸ್ದಿ, ಇಲ್ಲಿ ನೋಡಿದ್ರ ಇವನ ಮುಂದ ಕೂತೀದಿ! ಏನಲೇ ಈಶ್ಯಾ, ಏನ್ ತಲಿ ತುಂಬಿದಿ ಈ ಹುಡುಗಿಗೆ?"

ಈಶಪ್ಪ ಎದ್ದು ನಿಂತ. "ಆಕಿಗೆ ಅನ್ನಬ್ಯಾಡ್ರಿ ಕಾಕಾ. ನಾ ಈಗೇ ಹೋಗಾಂವ."

ಕಾಕಾನ ಮುಂದೆ, ಇವನ ಮುಂದೆ, ಹೇಗೆ ಹೇಳುವುದು? ಈಗ ಹೇಳದಿದ್ದರೆ ಅವನು ಹೋಗುತ್ತಾನೆ. ಹೋದರೆ ಆ ಗೋಡೆ...

ಲಾಲಮ್ಮ ತಾಯಿಯ ಕಡೆ ತಿರುಗಿದಳು. ದನಿ ಇಲ್ಲದೆ ತುಟಿ ಆಡಿಸತೊಡಗಿದಳು. ಲಾಳಿ ತೋರಿಸಿದಳು, ಹಾಸು ತೋರಿಸಿದಳು, ಗೋಡೆ ತೋರಿಸಿದಳು. ಕೈಗಳು ಬೀಸುವ ಕಲ್ಲು ತಿರುಗಿಸಿದವು. ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿ ಮಾತ್ರ ನಿಲ್ಲಲಿಲ್ಲ. ಇಷ್ಟು ಉದ್ದದ ಮಾತನ್ನು ಆಕೆ ಜನ್ಮದಲ್ಲಿ ಆಡಿರಲಿಲ್ಲ. ಕೇಳಿದವರು ಯಾರೂ ಇಲ್ಲ. ನೋಡಿದವಳು ಒಬ್ಬಳೇ.

ಭೀಮವ್ವ ಎಲ್ಲವನ್ನೂ ನೋಡಿದಳು. ಆಮೇಲೆ ಕುಣಿಯ ಹತ್ತಿರ ಬಂದು ಹಾಸಿನ ಎಳೆಗಳನ್ನು ಬೆರಳಿನಿಂದ ಮೀಟಿದಳು.

"ಹಾಸು ಗಟ್ಟಿ ಅದ!" ಎಂದಳು, ಓಣಿಗೆಲ್ಲ ಕೇಳುವಂತೆ. "ಅಡ್ಡ ಹೊಕ್ಕಿಗೆ ನೂಲಿಲ್ಲಂತ. ನನ್ನ ರಾಟಿ ಅಟ್ಟದ ಮ್ಯಾಲ ಅದ. ಹತ್ತಿ ತಂದ್ಕೊಟ್ರ ತಾಯಿ ಮಗಳು ಕೂತು ನೂಲು ತಗೀತೀವಿ. ಗಿರಣಿ ನೂಲಿನಂಗ ಸಣ್ಣಾಗಂಗಿಲ್ಲ. ದಪ್ಪ ಸೀರಿ ಆಗ್ತದ. ಉಟ್ಟಾವರು ಬೆಚ್ಚಗಿರ್ಲಿ!"

"ರಾಟಿ ತಿರುವಿದ್ರ ಕಾಂಗ್ರೆಸ್ಸಿನ ಮಂದಿ ಅಂತ ಪೊಲೀಸ್ರು ಬರ್ತಾರ ನೋಡಕ್ಕ," ಎಂದು ಹುಸೇನಬೀ ನಕ್ಕಳು.

"ಮತ್ತ ಸಾವಕಾರ್ರ ಚೀಲ?" ಕಾಕಾನಿಗೆ ಅದೇ ಚಿಂತೆ.

ಲಾಲಮ್ಮನ ತುಟಿ ಮತ್ತೆ ಆಡಿತು. ಭೀಮವ್ವ ಒದರಿದಳು.

"ನಮ್ಮ ಪಡಸಾಲ್ಯಾಗ ಇಡಸಂತಾಳ! ಇಬ್ರು ಹೆಂಗಸ್ರಿಗೆ ಅಷ್ಟುದ್ದ ಪಡಸಾಲಿ ಯಾತಕ್ಕ?"

"ಅದು ಬ್ಯಾರೆ ಮಾತು. ಈ ಖೋಲಿ ಕಿರಾಯಿ? ಹಿಂದಿಂದು? ಮುಂದಿಂದು? ಇದೆಂಥಾ ರಾಜಿ ಅತ್ತಿಗಿ?"

ಭೀಮವ್ವ ಮಗಳ ಕಡೆ ನೋಡಿದಳು. ಲಾಲಮ್ಮ ಕೆಂಪಾದಳು. ತುಟಿ ಒಮ್ಮೆ ಅಲುಗಿತು. ತೀರಾ ಸಣ್ಣಗೆ. ಕೂಡಲೇ ಸೆರಗಿನ ಹಿಂದೆ ಮರೆಯಾಯಿತು.

ಅವ್ವನ ಕಣ್ಣು ಅಗಲವಾಯಿತು. ಈಶಪ್ಪನನ್ನು ಕಾಲಿನಿಂದ ತಲೆಯ ತನಕ ಒಮ್ಮೆ ಅಳೆದು ನೋಡಿದಳು. ಮಗಳನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು.

"ಬಸವಂತ್ರಾಯ! ಈ ಖೋಲಿ ಇನ್ನ ಕಿರಾಯಿ ಖೋಲಿ ಅಲ್ಲಂತ ನೋಡಪಾ!"

"ಅವ್ವಾ!" ಲಾಲಮ್ಮ ಚೀರಿದಳು. ಆದರೆ ಅದು ಆಕೆಗೆ ಕೇಳಿಸಬೇಕಲ್ಲ!

ಈಶಪ್ಪ ಕಲ್ಲಿನಂತೆ ನಿಂತಿದ್ದ.

ಕಾಕಾ ಏನೋ ಅನ್ನಲು ಹೋದ. ಹುಸೇನಬೀ ಅವನ ರಟ್ಟೆ ಹಿಡಿದು ಹೊರಗೆ ಎಳೆದಳು. "ಬರ್ರಿ ಭಾಯಿ, ಬರ್ರಿ. ಹುಡುಗ ನಿಮ್ಮವರಾಗಿನವನೇ. ದಾವಾ ಹಾಕೋ ಖರ್ಚಿನಾಗ ಲಗ್ನನೇ ಆಗ್ತದ. ಯಾದಗಿರಿಯವರಿಗೆ ಇಲ್ಲಂತ ಹೇಳಿ ಕಳಸ್ರಿ."

"ನಮ್ಮಣ್ಣ ಇದ್ದಿದ್ರ..." ಕಾಕಾನ ದನಿ ಮೆತ್ತಗಾಗಿತ್ತು.

"ನಿಮ್ಮಣ್ಣನೇ ಇವಗ ಕುಣಿ ತೋಡಾಕ ಜಾಗ ಕೊಟ್ಟಾನಲ್ಲ. ಇನ್ನೇನು ಬೇಕು?"

ಭೀಮವ್ವ ರಾಟಿ ಇಳಿಸಲು ಹೋದಳು. ಬಾಗಿಲನ್ನು ಮಾತ್ರ ಪೂರ್ತಿ ತೆರೆದಿಟ್ಟು ಹೋದಳು.

ಒಳಗೆ ಇಬ್ಬರೇ ಉಳಿದರು. ನಡುವೆ ಮಗ್ಗ.

ಮೊದಲು ಮಾತಾಡಿದ್ದು ಲಾಲಮ್ಮ! ತನಗೇ ನಂಬಿಕೆಯಾಗಲಿಲ್ಲ.

"ಓಣ್ಯಾಗಿನ ಹುಡುಗ್ಯಾರಿಗೆಲ್ಲಾ ತಂಗಿ ಅಂತೀರಿ. ನೀರಿಗೆ ಬರೋರಿಗೆ, ಹುಸೇನಬೀ ಖಾಲಾನ ಸೊಸಿಗೆ... ಎಲ್ಲಾರಿಗೂ. ನನಗೊಬ್ಬಾಕಿಗೆ ಯಾಕ ಅನ್ನಲಿಲ್ಲ?"

"ಅದನ್ನೂ ಕೇಳಿಸ್ಕೊಂಡೀರಾ?"

"ಹೇಳ್ರಿ."

"ನಾಲಿಗಿ ಏಳ್ಲಿಲ್ಲ. ಮೊದಲನೇ ದಿನಾನೇ ಏಳ್ಲಿಲ್ಲ."

ಆಕೆ ಹಾಸಿನ ಅಂಚನ್ನು ಬೆರಳಿನಿಂದ ಸವರುತ್ತ ನಿಂತಳು. ತುಟಿಯ ನಗೆಯನ್ನು ಬಚ್ಚಿಡಲು ಸೆರಗು ಸಾಲಲಿಲ್ಲ.

"ನಂದೂ ಒಂದು ಕೇಳೋದು ಅದ," ಅಂದ ಈಶಪ್ಪ. "ಲಗ್ನ ಆದಮ್ಯಾಲ ಗಂಡನ ಹೆಸರು ತಗೊಳ್ಳಂಗಿಲ್ಲ ನಮ್ಮ ಮಂದ್ಯಾಗ. ಒಮ್ಮೇರ... ನಿಮ್ಮ ದನಿಯೊಳಗ ನನ್ನ ಹೆಸರು ಕೇಳಬೇಕಾಗ್ಯದ. ಜೋರಲೆ. ತುಟಿಯೊಳಗಲ್ಲ."

ಲಾಲಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡಳು.

"ಈಶಪ್ಪಾ..."

"ಓ," ಅಂದ ಅವನು.